ನಂದಿಸೇನ ಮುನಿಯ ನಿಸಿದಿ ಪದ್ಯದ ಛಂದಸ್ಸು

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ ಪ್ರಾಚೀನ ನಿಸಿದಿ ಶಾಸನಗಳಲ್ಲಿ ನಂದಿಸೇನ ಮುನಿಯದು ಕಾವ್ಯಗುಣದಿಂದ ಹೆಸರಾದುದು. ಕಾಲ ಸುಮಾರು 7ನೆಯ ಶತಮಾನ. ಕವಿಯ ಹೆಸರಿಲ್ಲದ, ನಾಲ್ಕು ಪಾದಗಳ ಒಂದೇ ಪದ್ಯವದು. ಸಿರಿ, ರೂಪ, ಧನಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಬೇಗನೆ ಅಳಿಯುವುವು, ಯಾರಿಗೂ ನಿಲ್ಲವು ಎಂದರಿತ ಮುನಿಯು ಸನ್ಯಸನಗೈದು ದೇವಲೋಕಕ್ಕೆ ಸಂದನೆಂಬುದು ಅದರ ತಾತ್ಪರ್ಯ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಯೇ ಇದು. ವಿಚಾರದಲ್ಲಿ ಹೊಸತೇನೂ ಇಲ್ಲ. ಹೊಸತಿರುವುದು ನಡೆಯಲ್ಲಿ.

ವೃತ್ತ ಮಹಾಸ್ರಗ್ಧರೆ. ಸಗಣ, ಎರಡು ತಗಣ, ನಗಣ, ಸಗಣ, ಎರಡು ರಗಣ, ಕೊನೆಗೊಂದು ಗುರು: ಪಾದಕ್ಕೆ 22 ಅಕ್ಷರ. ಗಣಗಳನ್ನು ಮರೆತು ಕಿವಿಗೊಟ್ಟರೆ ಬೇರೊಂದು ಕಟ್ಟು ಕೇಳಿಸುತ್ತದೆ. ಗುರುಗಳೇ ಹೆಚ್ಚಾದ ಎಂಟೆಂಟು ಅಕ್ಷರಗಳ ಎರಡು ತುದಿಗಳ ನಡುವೆ ಆರು ಲಘುಗಳು ಒಂದೇ ಉಸಿರಿಗೆ ಹರಿಯುತ್ತವೆ. ಈ ಓಟದಲ್ಲಿ ಬೀಳುವ ಪದಗಳನ್ನು ಗಮನಿಸಬೇಕು. ಮೊದಲ ಪಾದದಲ್ಲಿ ಮಿಂಚಿನ ಬಳ್ಳಿ, ಎರಡನೆಯದರಲ್ಲಿ ಧನವಿಭವ, ಮೂರನೆಯದರಲ್ಲಿ ಧರಣಿಯ ಮೇಲಿನ ಇರವು. ನಿಲ್ಲದ ವಸ್ತುಗಳೆಲ್ಲ ಲಯದಲ್ಲಿಯೂ ನಿಲ್ಲದ ಎಡೆಗೆ ಬಂದಿವೆ. ‘ನಿಲ್ಲವು’ ಎಂಬ ಮಾತೋ ಪಾದಾಂತ್ಯದ ಗುರುಗಳಲ್ಲಿ ಊರಿ ನಿಂತಿದೆ. ನಾಲ್ಕನೆಯ ಪಾದದಲ್ಲಿ ಅದೇ ಓಟಕ್ಕೆ ಸಿಕ್ಕಿರುವುದು ಮುನಿಯ ವಿಶೇಷಣ. ಅಲ್ಲಿ ಇಂಥ ಅರ್ಥವನ್ನು ಹುಡುಕುವುದು ಅತಿಯಾದೀತು.

ಆವೃತ್ತಿಯ ಚೆಲುವು ಮೊದಲ ಪಾದದಲ್ಲಿದೆ. ಉಪಮಾವಾಚಕವಾದ ‘ವೋಲ್’ ಮೂರು ಸಲ ಬರುತ್ತದೆ, ಮೊದಲ ಸಲ ‘ಬೋಲ್’ ಆಗಿ. ಎರಡನೆಯ ಉಪಮೆ ದೀರ್ಘ. ಮೂರನೆಯದು ಎರಡೇ ಅಕ್ಷರಗಳ ‘ಮಂಜು’. ಹೋಲಿಕೆ ಕುಗ್ಗುತ್ತ ಬಂದು ಮಂಜಿನಂತೆಯೇ ಮುಗಿಯುತ್ತದೆ.

ನಾಲ್ಕೂ ಪಾದಗಳ ಎರಡನೆಯ ಅಕ್ಷರ ರೇಫ, ಅದರ ಹಿಂದೆ ಹ್ರಸ್ವ: ಸಿಂಹಪ್ರಾಸ. ಮೂರನೆಯ ಪಾದದ ಕೊನೆಯ ‘ಗೆಯ್ದು’ ಮುಂದಿನ ‘ಉರು’ವಿನೊಡನೆ ಸಂಧಿಯಾಗಿ ಪಾದದ ಗಡಿಯಲ್ಲಿ ಒಡೆಯುತ್ತದೆ. ಓದಿನ ಅನುಕೂಲಕ್ಕೆಂದು ಬಿಡಿಸಿ ಬರೆದರೆ ಪ್ರಾಸ ಉಳಿದರೂ ಮೂರನೆಯ ಪಾದಕ್ಕೆ ಒಂದು ಅಕ್ಷರ ಹೆಚ್ಚುತ್ತದೆ. ಆ ಪಾದದಲ್ಲಿ ‘ನಾನು’ ಎಂದು ನುಡಿಯುವವನು ಮುನಿ. ನಾಲ್ಕನೆಯದರಲ್ಲಿ ಅವನನ್ನು ಹೆಸರಿಸುವವನು ಕವಿ. ಸನ್ಯಸನವನ್ನು ಹೇಳುವ ಕ್ರಿಯಾಪದ ಈ ಇಬ್ಬರ ಮಾತುಗಳ ನಡುವೆ, ಅರ್ಧ ಇತ್ತ ಅರ್ಧ ಅತ್ತ, ಸೇತುವೆಯಾಗಿ ಮಲಗಿದೆ.