ತಾತನ ಎಟಿಎಂ ಕಾರ್ಡು, ಚೀಟಿಯಲ್ಲಿದ್ದ ನಾಲ್ಕು ಅಂಕಿ

ಇವತ್ತಿನ ಕಥೆ ನಮ್ಮೂರಿಂದಲೇ ಶುರು. ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ. ನಮ್ಮ ತಾತನ ಎಟಿಎಂ ಕಾರ್ಡು ಪಾಸ್‌ಬುಕ್ ಕವರಿನಲ್ಲಿ ಇರ್ತಿತ್ತು. ಜೊತೆಗೊಂದು ಚೀಟಿ, ಅದರಲ್ಲಿ ನಾಲ್ಕು ಅಂಕಿ. ‘ಮಗಾ, ಪೇಟೆಗೋದಾಗ ವಸಿ ದುಡ್ಡು ತಂದ್ಕೊಡಪ್ಪ’ ಅಂತ ಎರಡನ್ನೂ ನನ್ನ ಕೈಗಿಡೋರು. ಇದರಲ್ಲಿ ತಪ್ಪೇನು ಅನ್ಸುತ್ತೆ ಅಲ್ವಾ? ಅದಕ್ಕೆ ಬೆಂಗಳೂರಿನ ಒಂದು ಕೇಸು ಕೇಳಿ.

2013ರ ನವೆಂಬರ್. ಮಾರತ್ತಹಳ್ಳಿಯ ಮಹಿಳೆಯೊಬ್ಬರು ಹೆರಿಗೆ ರಜೆಯಲ್ಲಿದ್ದರು. ಗಂಡನಿಗೆ ಕಾರ್ಡು ಕೊಟ್ಟು, ಪಿನ್ ಹೇಳಿ, 25,000 ರೂಪಾಯಿ ತರೋಕೆ ಕಳಿಸಿದರು. ಯಂತ್ರದಿಂದ ಸ್ಲಿಪ್ ಬಂತು, ದುಡ್ಡು ಬರಲಿಲ್ಲ. ಖಾತೆಯಿಂದ ಮಾತ್ರ ಹಣ ಹೋಗಿತ್ತು. ವ್ಯವಹಾರ ಸರಿಯಾಗೇ ಆಗಿದೆ ಅಂತ ಎಸ್‌ಬಿಐ ದೂರು ಮುಚ್ಚಿತು. ಅವರು ಬಿಡಲಿಲ್ಲ. ಸಿಸಿಟಿವಿ ದೃಶ್ಯ ತರಿಸಿದರು, ಆರ್‌ಟಿಐ ಹಾಕಿದರು, ಗ್ರಾಹಕರ ವೇದಿಕೆ ಮೆಟ್ಟಿಲೇರಿದರು. ತೀರ್ಪು ಬಂದದ್ದು 2018ರಲ್ಲಿ. ಗಂಡನೇ ಆದರೂ ಪಿನ್ ಹೇಳುವಂತಿಲ್ಲ. ಸೆಲ್ಫ್ ಚೆಕ್ಕೋ, ಅಧಿಕಾರ ಪತ್ರವೋ ಕೊಟ್ಟು ಕಳಿಸಬೇಕಿತ್ತು. ಕೇಸು ವಜಾ.

ಗಮನಿಸಿ, ಅಲ್ಲಿ ಕಳ್ಳನೇ ಇರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತಕ್ಕೆ ಎಟಿಎಂ ಬಂದದ್ದು 1987ರಲ್ಲಿ, ಮುಂಬೈಗೆ. ಅಮೆರಿಕದಲ್ಲಿ ಆ ಹೊತ್ತಿಗಾಗಲೇ 1978ರ ಕಾಯ್ದೆ ಇತ್ತು: ಕಾರ್ಡ್ ಕಳೆದದ್ದನ್ನ ಬೇಗ ತಿಳಿಸಿದರೆ ಗ್ರಾಹಕನ ನಷ್ಟ 50 ಡಾಲರ್ ದಾಟಲ್ಲ. ನಮ್ಮಲ್ಲಿ 2014ರ ಜನಧನ್ ಯೋಜನೆ ಹಳ್ಳಿಹಳ್ಳಿಗೂ ರುಪೇ ಕಾರ್ಡ್ ತಲುಪಿಸಿತು. 2016ರಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿದ ಸುದ್ದಿ ಬಂತು. ನಷ್ಟ ಯಾರದ್ದು ಅನ್ನೋದಕ್ಕೆ ಆರ್‌ಬಿಐ ಸ್ಪಷ್ಟ ಲೆಕ್ಕ ಕೊಟ್ಟದ್ದು 2017ರ ಜುಲೈ 6ರ ಸುತ್ತೋಲೆಯಲ್ಲಿ. ಅಂದ್ರೆ ಕಾರ್ಡು ಮೊದಲು ಬಂತು, ರಕ್ಷಣೆ ಆಮೇಲೆ.

ಆ ಲೆಕ್ಕ ಹೀಗಿದೆ. ತಪ್ಪು ಬ್ಯಾಂಕಿನದ್ದಾದರೆ ನಿಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದ್ದೂ ಅಲ್ಲ, ನಿಮ್ಮದೂ ಅಲ್ಲ ಅಂದ್ರೆ, ಬ್ಯಾಂಕಿನ ಮೆಸೇಜು ಬಂದ 3 ಕೆಲಸದ ದಿನದೊಳಗೆ ತಿಳಿಸಿದರೂ ಸೊನ್ನೆ. 4ರಿಂದ 7 ದಿನವಾದರೆ ಜನಧನ್‌ನಂಥ ಮೂಲ ಖಾತೆಗೆ ಗರಿಷ್ಠ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ ನಿಮ್ಮ ಹೊಣೆ. ದೂರು ಕೊಟ್ಟ 10 ಕೆಲಸದ ದಿನದಲ್ಲಿ ಬ್ಯಾಂಕು ಆ ಹಣವನ್ನ ಖಾತೆಗೆ ತಾತ್ಕಾಲಿಕವಾಗಿ ಜಮೆ ಮಾಡಬೇಕು. ತಪ್ಪು ನಿಮ್ಮದು ಅಂತ ಸಾಬೀತು ಮಾಡೋ ಹೊಣೆಯೂ ಬ್ಯಾಂಕಿನದ್ದೇ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಅಸ್ಸಾಂನ ಗ್ರಾಹಕರೊಬ್ಬರು 94,000 ರೂಪಾಯಿಗೂ ಹೆಚ್ಚು ಕಳೆದುಕೊಂಡು ಒಂದೇ ದಿನದಲ್ಲಿ ದೂರು ಕೊಟ್ಟಿದ್ದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾದ ಆದೇಶವನ್ನೇ ಉಳಿಸಿತು.

ಆದರೆ ಪಿನ್ ನೀವೇ ಹೇಳಿದ್ದರೆ ಕಥೆ ಬೇರೆ. ಬ್ಯಾಂಕಿಗೆ ತಿಳಿಸೋವರೆಗಿನ ಪೂರ್ತಿ ನಷ್ಟ ನಿಮ್ಮದು. ತಿಳಿಸಿದ ಮೇಲಿನದ್ದು ಮಾತ್ರ ಬ್ಯಾಂಕಿನದ್ದು.

ನನ್ನ ತಕರಾರು ಇಲ್ಲೇ. ಯಂತ್ರದ ಮುಂದೆ ಪ್ರತಿಯೊಬ್ಬರೂ ಒಬ್ಬರೇ ನಿಂತು, ಓದಿ, ಗುಂಡಿ ಒತ್ತುತ್ತಾರೆ ಅಂತ ನಿಯಮ ನಂಬಿದೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಕಣ್ಣು ಮಂಜಾದ ತಾತ, ಬಾಣಂತಿ ಹೆಂಡತಿ, ಅಕ್ಷರ ಬಾರದ ಅವ್ವ, ಇವರಿಗೆಲ್ಲ ಇನ್ನೊಬ್ಬರ ಕೈ ಬೇಕು. ಆ ನಂಬಿಕೆಯನ್ನ ಕಾನೂನು ನಿರ್ಲಕ್ಷ್ಯ ಅಂತ ಕರೆಯುತ್ತೆ.

ನಿಯಮ ಬದಲಾಗೋವರೆಗೆ ನಾವು ಜಾಣರಾಗಬೇಕು. ಚೀಟಿ ಹರಿದು ಹಾಕಿ, ಪಿನ್ ಬದಲಿಸಿ. ಹಣ ಹೋದ ಮೆಸೇಜು ಬಂದರೆ ತಕ್ಷಣ ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೋಸ ಅನ್ನಿಸಿದರೆ 1930ಕ್ಕೂ ಫೋನ್ ಮಾಡಿ.

ನಾನಂತೂ ಈಗ ಕಾರ್ಡು ಇಸ್ಕೊಳ್ಳಲ್ಲ. ತಾತನನ್ನೇ ಬೈಕಿನಲ್ಲಿ ಕೂರಿಸ್ಕೊಂಡು ಹೋಗ್ತೀನಿ. ಗುಂಡಿ ಅವರೇ ಒತ್ತುತ್ತಾರೆ, ನಾನು ಹೊರಗೆ ನಿಲ್ತೀನಿ. ಮತ್ತೆ ಸಿಗೋಣ.