ಪದ ಪರಿಚಯ: ರೆಲಿಕ್

ರೆಲಿಕ್ (ನಾಮಪದ, ಕ್ರಿಯಾಪದ): ಹೊಸ ಗಿಟಾರಿಗೂ ಅದರ ಲೋಹದ ಭಾಗಗಳಿಗೂ ಬಳಸಿ ಸವೆದ ರೂಪ ಕೊಡುವ ಕೆಲಸ, ಹಾಗೆ ಮಾಡಿದ ಗಿಟಾರ್.

ಮೂಲ, ಲ್ಯಾಟಿನ್ನಿನ ‘ರೆಲಿಕ್ವಿಯೆ’. ಅರ್ಥ: ಉಳಿದದ್ದು, ಅವಶೇಷ. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಈ ಪದ ಮೊದಲು ಕ್ರೈಸ್ತ ಸಂತರ ಅಸ್ಥಿ, ಬಟ್ಟೆಗಳಂಥ ಪೂಜ್ಯ ವಸ್ತುಗಳಿಗೆ ಸಲ್ಲುತ್ತಿತ್ತು. 1995ರಲ್ಲಿ ಅಮೆರಿಕದ ಫೆಂಡರ್ ಕಂಪನಿಯ ಕಸ್ಟಮ್ ಶಾಪ್ ‘ರೆಲಿಕ್’ ಹೆಸರಿನ ಗಿಟಾರುಗಳನ್ನು ಹೊರತಂದಿತು. ಕಸುಬುದಾರರ ಬಾಯಲ್ಲಿ ಅದೇ ಕ್ರಿಯಾಪದವೂ ಆಯಿತು: ಗಿಟಾರಿನ ಬ್ರಿಜ್ ರೆಲಿಕ್ ಮಾಡುವುದು, ಟ್ಯೂನರ್ ರೆಲಿಕ್ ಮಾಡುವುದು.

ಲೋಹದ ಭಾಗಗಳಿಗೆ ಬೆವರು, ತೇವಗಳು ದಶಕಗಳಲ್ಲಿ ಮಾಡುವುದನ್ನು ಆಮ್ಲದ ಹಬೆ ಬೇಗನೆ ಮಾಡಿಬಿಡುತ್ತದೆ. ನಿಕಲ್ ಲೇಪ ಮಂಕಾಗುತ್ತದೆ, ಉಕ್ಕಿನ ಸ್ಕ್ರೂ ತುಕ್ಕು ಹಿಡಿಯುತ್ತದೆ. ಕ್ರೋಮ್ ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ.

ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರ-ಹಿತ್ತಾಳೆಗೆ ಕಿಲುಬು ಎಂಬ ಮಾತುಗಳಿವೆ. ಎರಡೂ ತಾವಾಗಿ ಹಿಡಿಯುವಂಥವು. ಬೇಕೆಂದೇ ತರಿಸಿದ ಹಳಮೆಗೆ ರೆಲಿಕ್ ಎಂಬ ಬೇರೆ ಹೆಸರೇ ಇರಲಿ. ಹೊಸದನ್ನು ಹಳೆಯದೆಂದು ಮಾರುವುದು ಮೋಸ. ರೆಲಿಕ್ ಎಂದು ಹೇಳಿಯೇ ಮಾರಿದರೆ ಅದು ಗೌರವದ ಕಸುಬು.