ಮಹಾಭಕ್ಷಕ ಕಣವೂ ಬೆಂಗಳೂರಿನ ಪ್ಲೇಗೂ

ಕ್ರಿ.ಶ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಆಗ ರಾಜಾಜಿನಗರ, ವಿಜಯನಗರಗಳು ಇನ್ನೂ ಹುಟ್ಟಿರಲಿಲ್ಲ. ಊರಿನ ಪಡುವಣ ಸೀಮೆಯೆಲ್ಲ ಹೊಲ, ತೋಪು, ಹಳ್ಳಿಗಳು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಇಲಿ ಬಿದ್ದಿತೆಂದರೆ ಜನ ಮನೆಗೆ ಬೀಗವಿಕ್ಕಿ ಬಯಲಿನ ಗುಡಿಸಲು ಸೇರುತ್ತಿದ್ದರು. ಮೈಸೂರು ಸರ್ಕಾರದ ವೈದ್ಯರಾಗಿದ್ದ ಡಾ. ಪಲ್ಪು ಅವರಂಥವರು ಪ್ರಾಣದ ಹಂಗು ತೊರೆದು ರೋಗಿಗಳ ನಡುವೆ ದುಡಿದರು. ಮಲ್ಲೇಶ್ವರ, ಬಸವನಗುಡಿಗಳು ಬೇಗನೆ ತುಂಬಿಕೊಂಡುದಕ್ಕೆ ಈ ಭಯವೂ ಕಾರಣ. ಇದು ಊರಿನ ಚರಿತ್ರೆ; ಬಲ್ಲವರು ಹಲವರು. ರೋಗಿಯ ಮೈಯೊಳಗೆ ನಡೆದ ಕಾಳಗಕ್ಕೂ ಒಂದು ಚರಿತ್ರೆಯುಂಟು.

ಅಂಥ ಕಾಳಗದ ಮರ್ಮವನ್ನು ಕಂಡವನು ರಷ್ಯದ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾ ನಗರದಲ್ಲಿ ಆತನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಗೆ ಗುಲಾಬಿ ಮುಳ್ಳನ್ನು ಚುಚ್ಚಿದನು. ಮರುದಿನ ನೋಡಿದರೆ ಅಲೆದಾಡುವ ಕಣಗಳು ಮುಳ್ಳನ್ನು ಮುತ್ತಿದ್ದುವು. ಒಳಹೊಕ್ಕ ಹಗೆಯನ್ನು ನುಂಗಿ ಅರಗಿಸುವ ಕಣಗಳು ನಮ್ಮಲ್ಲಿಯೂ ಇವೆಯೆಂದು ಆತನು ಸಾರಿದನು. ಅವುಗಳಲ್ಲಿ ದೊಡ್ಡವಕ್ಕೆ 'ಮ್ಯಾಕ್ರೊಫೇಜ್' ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ಹಾಗೆಂದರೆ ದೊಡ್ಡ ಭಕ್ಷಕ, ನಾವು ಮಹಾಭಕ್ಷಕವೆನ್ನೋಣ.

ಈ ಕಣ ಬರಿಯ ಹೊಟ್ಟೆಬಾಕನಲ್ಲ. ವೈರಿಯನ್ನು ಕಂಡೊಡನೆ ರಾಸಾಯನಿಕಗಳನ್ನು ಸೂಸಿ ನೆರವನ್ನು ಕರೆಯುತ್ತದೆ. ರಕ್ತನಾಳಗಳು ಹಿಗ್ಗಿ, ಆ ಜಾಗ ಕೆಂಪೇರಿ, ಬಿಸಿಯಾಗಿ, ಊದಿ, ನೋಯುತ್ತದೆ. ಕನ್ನಡದ 'ಉರಿಯೂತ'ದಲ್ಲಿ ಉರಿ, ಊತ ಎರಡೂ ಕೂಡಿರುವುದು ಎಷ್ಟು ಉಚಿತ! ಕಾಳಗ ಮುಗಿದ ಮೇಲೆ ಸತ್ತ ಕಣಗಳನ್ನು ತೆಗೆದು, ಉರಿಯನ್ನು ತಣಿಸಿ, ಗಾಯ ಮಾಯಲು ನೆರವಾಗುವುದೂ ಮಹಾಭಕ್ಷಕವೇ. ಹಚ್ಚಿದ ಕೈಯೇ ಆರಿಸಬೇಕು. ಆರಿಸದಿದ್ದರೆ ಉರಿಯೂತವೇ ರೋಗವಾಗುತ್ತದೆ.

ಪ್ಲೇಗಿನ ಕ್ರಿಮಿಯ ಮುಂದೆ ಈ ಕಾವಲು ಸೋಲುತ್ತದೆ. ಚಿಗಟದ ಕಡಿತದಿಂದ ಹೊಕ್ಕ ಕ್ರಿಮಿಯನ್ನು ಮಹಾಭಕ್ಷಕ ನುಂಗುತ್ತದೆ, ಆದರೆ ಅರಗಿಸಲಾರದು. ಕ್ರಿಮಿ ಅದರೊಳಗೇ ಬೆಳೆದು, ಮೈಯ ಕಾವಿನಲ್ಲಿ ಕವಚ ತೊಟ್ಟು ಹೊರಬೀಳುತ್ತದೆ. ಆ ಮೇಲೆ ಅದನ್ನು ನುಂಗುವುದೂ ಕಷ್ಟ. ತೊಡೆಸಂದು, ಕಂಕುಳುಗಳ ಗ್ರಂಥಿಗಳು ಉಬ್ಬಿ ಗಡ್ಡೆಯಾಗುವುದು ಹೀಗೆ. ಕೋಟೆಯ ಕಾವಲುಗಾರನ ಮನೆಯಲ್ಲೇ ಹಗೆ ಬೀಡುಬಿಟ್ಟಂತಾಯಿತು.

ಮೆಚ್ನಿಕಾಫನ ಶಿಷ್ಯ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ತನ್ನ ಮೈಗೇ ಚುಚ್ಚಿಸಿಕೊಂಡನು. ಆಗ ವಿದ್ವಾಂಸರಲ್ಲಿ ಎರಡು ಪಕ್ಷ. ಕಾಪಾಡುವುದು ಭಕ್ಷಕ ಕಣವೆಂದು ಮೆಚ್ನಿಕಾಫ್. ರಕ್ತರಸದ ಪ್ರತಿಕಾಯಗಳೆಂದು ಜರ್ಮನಿಯ ಎರ್ಲಿಕ್ ಮೊದಲಾದವರು. 1908ರ ನೊಬೆಲ್ ಬಹುಮಾನ ಇಬ್ಬರಿಗೂ ಹಂಚಿಕೆಯಾಯಿತು. ಇಬ್ಬರ ಮಾತೂ ದಿಟ: ಲಸಿಕೆಯಿಂದ ಹುಟ್ಟಿದ ಪ್ರತಿಕಾಯ ಕ್ರಿಮಿಯ ಕವಚಕ್ಕೆ ಅಂಟಿಕೊಂಡರೆ ಭಕ್ಷಕ ಕಣಕ್ಕೆ ಹಿಡಿತ ಸಿಕ್ಕುತ್ತದೆ.

ಬೆಂಗಳೂರಿಗೆ ಪ್ಲೇಗು ಬಂದಾಗ ಲಸಿಕೆ ಹುಟ್ಟಿ ಒಂದೂವರೆ ವರ್ಷವಾಗಿದ್ದಿತು. ಆದರೂ ಮಾರಿಗೆ ಅಂಜಿದಂತೆಯೇ ಸೂಜಿಗೂ ಅಂಜಿದವರು ಬಹು ಮಂದಿ. ಅವರನ್ನು ಹಳಿಯುವುದು ನ್ಯಾಯವಲ್ಲ. ಸೂಜಿಯ ಮದ್ದು ಮೈಯೊಳಗಿನ ಕಾವಲುಗಾರನಿಗೇ ಕಣ್ಣು ಕೊಡುತ್ತದೆಂದು ಅವರ ನುಡಿಯಲ್ಲಿ ತಿಳಿಯಹೇಳಿದವರು ವಿರಳ. ಆ ಕೆಲಸ ಈಗಲೂ ನಮ್ಮ ಪಾಲಿಗಿದೆ.